ಶನಿವಾರದ ಶಾಲೆ

ಶನಿವಾರ ಬೆಳಗ್ಗೆ ಶಾಲೆಗೆ ಹೋಗುವುದು ನಮ್ಮ ನಾಡಿನ ಮಕ್ಕಳಿಗೆ ಹೊಸತೇನಲ್ಲ. ಮುಂಜಾನೆ ಹೋಗಿ ಮಧ್ಯಾಹ್ನದೊಳಗೆ ಮನೆಗೆ ಮರಳುವ ಆ ಅರ್ಧ ದಿನದ ಶಾಲೆಯನ್ನು ನಮ್ಮಲ್ಲಿ ಎಲ್ಲರೂ ಬಲ್ಲರು. ಇಂಗ್ಲೆಂಡಿನ ರೂಢಿ ಬೇರೆ. ಅಲ್ಲಿಯ ಸರ್ಕಾರಿ ಶಾಲೆಗಳಿಗೆ ಶನಿವಾರ, ಭಾನುವಾರ ಎರಡೂ ರಜೆ. ಹೀಗಿದ್ದರೂ 1960ರ ದಶಕದ ಕೊನೆಯ ಭಾಗದಿಂದ ಲಂಡನ್, ಬರ್ಮಿಂಗ್‌ಹ್ಯಾಮ್ ಮೊದಲಾದ ನಗರಗಳ ಕೆಲವು ಬೀದಿಗಳಲ್ಲಿ ಶನಿವಾರವೂ ಪುಸ್ತಕದ ಚೀಲ ಹಿಡಿದು ಹೊರಡುವ ಮಕ್ಕಳು ಕಾಣತೊಡಗಿದರು. ಅವರು ಹೋಗುತ್ತಿದ್ದುದು ಸರ್ಕಾರ ಕಟ್ಟಿಸಿದ ಶಾಲೆಗಲ್ಲ. ಯಾರದೋ ಮನೆಯ ಮುಂಗೋಣೆಗೆ, ಚರ್ಚಿನ ಸಭಾಂಗಣಕ್ಕೆ. ವಾರದ ಐದು ದಿನ ‘ಇವರಿಗೆ ಓದು ತಲೆಗೆ ಹತ್ತದು’ ಎನಿಸಿಕೊಂಡಿದ್ದ ಮಕ್ಕಳು ಆರನೆಯ ದಿನ ಅಲ್ಲಿ ಕುಳಿತು ಓದುತ್ತಿದ್ದರು.

ಈ ಶನಿವಾರದ ಶಾಲೆಗಳ ಕಥೆಯನ್ನು ಇಂದು ಸಂಗ್ರಹವಾಗಿ ಹೇಳಬೇಕೆಂದಿದ್ದೇನೆ. ಹಿಂದೆ ಬಿದ್ದ ಮಕ್ಕಳನ್ನು ಮುಂದಕ್ಕೆ ತರಲು ಕೆಲವು ಸಜ್ಜನರು ಪಟ್ಟ ಶ್ರಮದ ಕಥೆ ಎಂದಷ್ಟೇ ಹೇಳಿ ಇದನ್ನು ಮುಗಿಸಬಹುದು. ಆದರೆ ಚರಿತ್ರೆಯ ವಿದ್ಯಾರ್ಥಿಯಾದ ನನಗೆ ಇದರಲ್ಲಿ ಅದಕ್ಕಿಂತ ದೊಡ್ಡದೊಂದು ಪ್ರಶ್ನೆ ಅಡಗಿದೆ ಎನಿಸುತ್ತದೆ. ಮಗು ಕಲಿಯಲಿಲ್ಲವೆಂದಾಗ ತಪ್ಪು ಮಗುವಿನದೊ, ಮಗುವನ್ನು ಅಳೆದ ಅಳತೆಗೋಲಿನದೊ ಎಂಬುದೇ ಆ ಪ್ರಶ್ನೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿಗೆ ದುಡಿಯುವ ಕೈಗಳ ಕೊರತೆಯಾಯಿತು. 1948ರ ಜೂನ್ ತಿಂಗಳಲ್ಲಿ ‘ಎಂಪೈರ್ ವಿಂಡ್‌ರಷ್’ ಎಂಬ ಹಡಗು ಕೆರಿಬಿಯನ್ ದ್ವೀಪಗಳಿಂದ ನೂರಾರು ಜನರನ್ನು ಹೊತ್ತು ಟಿಲ್ಬರಿ ಬಂದರಿಗೆ ಬಂತು. ಮುಂದೆ ಜಮೈಕ, ಟ್ರಿನಿಡಾಡ್, ಬಾರ್ಬಡಾಸ್, ಗ್ರೆನಾಡ ಮೊದಲಾದ ದ್ವೀಪಗಳಿಂದ ಜನ ಬರುತ್ತಲೇ ಇದ್ದರು. 1956ರಲ್ಲಿ ಲಂಡನ್ನಿನ ಸಾರಿಗೆ ಸಂಸ್ಥೆ ಬಾರ್ಬಡಾಸಿನಲ್ಲಿಯೇ ನೌಕರರನ್ನು ಆರಿಸಿಕೊಳ್ಳತೊಡಗಿತು. ಬಸ್ಸುಗಳಲ್ಲಿ, ರೈಲುಗಳಲ್ಲಿ, ಆಸ್ಪತ್ರೆಗಳಲ್ಲಿ, ಕಾರ್ಖಾನೆಗಳಲ್ಲಿ ಇವರು ದುಡಿದರು. ಮಕ್ಕಳನ್ನು ಅಜ್ಜಿಯರ ಬಳಿ ಬಿಟ್ಟು ಬಂದವರು ಅನೇಕರು. ಕೈಯಲ್ಲಿ ನಾಲ್ಕು ಕಾಸು ಕೂಡಿದ ಮೇಲೆ ಒಬ್ಬೊಬ್ಬರಾಗಿ ಮಕ್ಕಳನ್ನು ಕರೆಸಿಕೊಂಡರು. 1962ರಲ್ಲಿ ವಲಸೆಯನ್ನು ನಿರ್ಬಂಧಿಸುವ ಕಾನೂನು ಬಂದಿತು. ಬಾಗಿಲು ಪೂರ್ತಿ ಮುಚ್ಚುವ ಮೊದಲು ಮಕ್ಕಳು ಬಂದು ಸೇರಲೆಂಬ ಆತುರವೂ ಹೆಚ್ಚಿತು.

ಆ ಮಕ್ಕಳ ಸ್ಥಿತಿಯನ್ನು ಊಹಿಸಿಕೊಳ್ಳಬೇಕು. ಬಿಸಿಲಿನ ನಾಡಿನಿಂದ ಮಂಜಿನ ನಾಡಿಗೆ ಬಂದಿದ್ದಾರೆ. ಸಾಕಿದ ಅಜ್ಜಿ ಸಮುದ್ರದಾಚೆ ಉಳಿದಿದ್ದಾಳೆ. ಹೆತ್ತ ತಾಯಿಯ ಮುಖವೇ ಅಪರಿಚಿತವಾಗಿದೆ. ಆ ತಾಯಿಯೂ ರಾತ್ರಿಯ ಪಾಳಿಯಲ್ಲಿ ದುಡಿದು ಬೆಳಗ್ಗೆ ಮಲಗುವವಳು. ಇಷ್ಟೆಲ್ಲ ನಡೆದ ಕೆಲವೇ ವಾರಗಳಲ್ಲಿ ಮಗುವನ್ನು ಒಂದು ಕೋಣೆಗೆ ಕರೆದೊಯ್ದು, ಮುಂದೆ ಕಾಗದವಿಟ್ಟು, ಅದರ ಬುದ್ಧಿಶಕ್ತಿಯನ್ನು ಅಳೆಯುತ್ತಾರೆ!

ಈ ಅಳತೆಯ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. 1944ರ ಶಿಕ್ಷಣ ಶಾಸನದ ತರುವಾಯ ಬ್ರಿಟನ್ನಿನಲ್ಲಿ ಮಕ್ಕಳನ್ನು ಯೋಗ್ಯತೆಗೆ ತಕ್ಕಂತೆ ಬೇರೆ ಬೇರೆ ಬಗೆಯ ಶಾಲೆಗಳಿಗೆ ಕಳಿಸುವ ಏರ್ಪಾಡು ಬಲವಾಗಿ ಬೇರೂರಿತು. ಅದರಲ್ಲಿ ತೀರ ಕೆಳಗಿನದು ‘ಎಜುಕೇಷನಲಿ ಸಬ್‌ನಾರ್ಮಲ್’ ಎಂಬ ವರ್ಗ. ಶಿಕ್ಷಣದಲ್ಲಿ ಸಾಮಾನ್ಯ ಮಟ್ಟಕ್ಕಿಂತ ಕೆಳಗಿರುವವರು ಎಂದು ಅದರ ಅರ್ಥ. ಇಂಥವರಿಗೆಂದು ಬೇರೆ ಶಾಲೆಗಳಿದ್ದವು. ಅವುಗಳನ್ನು ‘ವಿಶೇಷ ಶಾಲೆ’ಗಳೆಂದು ಕರೆಯುತ್ತಿದ್ದರು. ನಿಜವಾಗಿ ಮಂದಗತಿಯ ಮಕ್ಕಳಿಗೆ ನೆರವಾಗಲೆಂಬುದೇ ಅವುಗಳ ಉದ್ದೇಶ, ಉದ್ದೇಶದಲ್ಲಿ ದೋಷವಿರಲಿಲ್ಲ. ಆದರೆ ಅಲ್ಲಿ ಅಕ್ಷರಾಭ್ಯಾಸಕ್ಕಿಂತ ಕೈಗೆಲಸಕ್ಕೆ ಪ್ರಾಶಸ್ತ್ಯ. ಅಲ್ಲಿಗೆ ಹೋದ ಮಗು ಸಾಮಾನ್ಯ ಶಾಲೆಗೆ ಮರಳುವುದು ಅಪರೂಪ. ಯಾವ ಪರೀಕ್ಷೆಯನ್ನೂ ಪಾಸು ಮಾಡದೆ ಹೊರಬೀಳುವುದೇ ವಾಡಿಕೆ.

ಲಂಡನ್ನಿನ ಒಳನಗರದ ಶಿಕ್ಷಣ ಪ್ರಾಧಿಕಾರವು 1967ರಲ್ಲಿ ತನ್ನ ಉಪಯೋಗಕ್ಕಾಗಿಯೇ ಒಂದು ವರದಿಯನ್ನು ಸಿದ್ಧಪಡಿಸಿತು. ಅದರ ಪ್ರಕಾರ ಸಾಮಾನ್ಯ ಶಾಲೆಗಳಲ್ಲಿ ವಲಸೆಗಾರರ ಮಕ್ಕಳು ನೂರಕ್ಕೆ 15ರಷ್ಟಿದ್ದರೆ, ಈ ವಿಶೇಷ ಶಾಲೆಗಳಲ್ಲಿ ಅವರು ನೂರಕ್ಕೆ 28ರಷ್ಟಿದ್ದರು. ಆ ಶಾಲೆಗಳಲ್ಲಿದ್ದ ವಲಸೆಗಾರರ ಮಕ್ಕಳ ಪೈಕಿ ಮುಕ್ಕಾಲು ಪಾಲು ವೆಸ್ಟ್ ಇಂಡಿಯನ್ನರು. ಒಂದು ಜನಾಂಗದ ಮಕ್ಕಳೆಲ್ಲ ಹಡಗಿನಿಂದಿಳಿದ ಕೂಡಲೆ ಮಂದಮತಿಗಳಾಗಿಬಿಟ್ಟರೆ? ಅಂಕಿಗಳನ್ನು ನೋಡಿದ ಯಾರಿಗಾದರೂ ಏಳಬೇಕಾದ ಸಂದೇಹವಿದು. ಆದರೆ ಆ ಅಂಕಿಗಳು ಬಹುಕಾಲ ಕಡತಗಳಲ್ಲಿಯೇ ಉಳಿದವು.

ಇದರೊಂದಿಗೆ ಇನ್ನೊಂದು ಸಂಗತಿಯಿದೆ. ಅದನ್ನು ಓದಿದಾಗ ನನ್ನ ಮನಸ್ಸು ಕಲಕಿತು. ನಿಮ್ಮ ಮಗುವನ್ನು ವಿಶೇಷ ಶಾಲೆಗೆ ಸೇರಿಸುತ್ತೇವೆ ಎಂದಾಗ ಅನೇಕ ತಾಯಿತಂದೆಗಳು ಹಿಗ್ಗಿದರಂತೆ. ‘ವಿಶೇಷ’ ಎಂದರೆ ಉತ್ತಮ ಎಂದೇ ಅವರು ತಿಳಿದರು. ತಮ್ಮ ಮಗುವಿನಲ್ಲಿ ಏನೋ ಹೆಚ್ಚುಗಾರಿಕೆಯನ್ನು ಕಂಡು ಆರಿಸಿಕೊಂಡಿದ್ದಾರೆಂದು ಸಂತೋಷಪಟ್ಟರು. ಮೇಷ್ಟರ ಮಾತಿಗೆ ಎದುರಾಡಬಾರದೆಂಬ ಸಂಸ್ಕಾರ ನಮ್ಮವರಿಗಿರುವಂತೆಯೇ ಆ ದ್ವೀಪಗಳ ಜನರಿಗೂ ಇತ್ತು. ಆ ಗೌರವವೇ ಅವರ ಕಣ್ಣಿಗೆ ಕಟ್ಟಿದ ಬಟ್ಟೆಯಾಯಿತು.

ಇನ್ನು ಪರೀಕ್ಷೆಯ ವಿಚಾರ. ನಲ್ಲಿಯ ಚಿತ್ರವನ್ನು ತೋರಿಸಿ ‘ಇದೇನು?’ ಎಂದು ಕೇಳಿದರೆ ಇಂಗ್ಲಿಷ್ ಮಗು ‘ಟ್ಯಾಪ್’ ಎನ್ನುತ್ತದೆ. ಕೆರಿಬಿಯನ್ ದ್ವೀಪಗಳಲ್ಲಿ ನಲ್ಲಿಗೆ ‘ಪೈಪ್’ ಎನ್ನುವುದು ರೂಢಿ. ಮಗು ‘ಪೈಪ್’ ಎಂದರೆ ಉತ್ತರ ತಪ್ಪು; ಅಂಕ ಸೊನ್ನೆ. ಆ ಮಗುವಿಗೆ ನಲ್ಲಿ ಗೊತ್ತಿಲ್ಲವೆ? ಅದರಿಂದ ನೀರು ಹಿಡಿದು ಅಜ್ಜಿಗೆ ತಂದುಕೊಟ್ಟು ಬೆಳೆದ ಮಗುವದು. ಕಪ್ಪು ಜನರ ನಡುವಿನಿಂದ ಮೊದಮೊದಲು ಶೈಕ್ಷಣಿಕ ಮನಶ್ಶಾಸ್ತ್ರಜ್ಞೆಯಾದವರಲ್ಲಿ ಒಬ್ಬರಾದ ವೇವ್ನಿ ಬುಷೆಲ್ ಇಂಥ ಅನ್ಯಾಯಗಳನ್ನು ಹತ್ತಿರದಿಂದ ಕಂಡು ಅವುಗಳ ವಿರುದ್ಧ ದನಿಯೆತ್ತಿದರು. ಆ ಮಕ್ಕಳ ಮಾತಿನ ಬಗೆಗೂ ಇದೇ ತೀರ್ಪು. ಜಮೈಕದ ಆಡುಮಾತಿನಲ್ಲಿ ಭೂತಕಾಲವನ್ನೂ ಬಹುವಚನವನ್ನೂ ಸೂಚಿಸುವ ಕ್ರಮ ಇಂಗ್ಲಿಷಿನದಕ್ಕಿಂತ ಬೇರೆ. ಅದು ತನ್ನದೇ ವ್ಯಾಕರಣವುಳ್ಳ ನುಡಿಯೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ತರಗತಿಯ ಅಧ್ಯಾಪಕರ ಕಿವಿಗೆ ಅದು ಮುರುಕು ಇಂಗ್ಲಿಷಾಗಿ ಮಾತ್ರ ಕೇಳಿಸಿತು. ಮುರುಕು ಮಾತಿನ ಹಿಂದೆ ಮುರುಕು ಬುದ್ಧಿಯೇ ಇರಬೇಕೆಂದು ಊಹಿಸುವುದು ಅವರಿಗೆ ಸುಲಭವಾಯಿತು.

ಹೀಗಿರುವಾಗ 1969ರಲ್ಲಿ ಉತ್ತರ ಲಂಡನ್ನಿನ ಹ್ಯಾರಿಂಗೆ ಎಂಬ ಭಾಗದಲ್ಲಿ ಕಿಡಿ ಹೊತ್ತಿಕೊಂಡಿತು. ಮಕ್ಕಳ ಯೋಗ್ಯತೆಯನ್ನು ಪರೀಕ್ಷೆಗಳಿಂದ ಅಳೆದು, ಅವರನ್ನು ಪಟ್ಟಿಪಟ್ಟಿಯಾಗಿ ವಿಂಗಡಿಸಿ, ಬೇರೆ ಬೇರೆ ಶಾಲೆಗಳಿಗೆ ಹಂಚುವ ಯೋಜನೆಯೊಂದನ್ನು ಸ್ಥಳೀಯ ಆಡಳಿತ ಮುಂದಿಟ್ಟಿತು. ಇದಕ್ಕೆ ಸಂಬಂಧಿಸಿದ ಗೋಪ್ಯ ವರದಿಯೊಂದು ಹೊರಬಿದ್ದಾಗ, ವೆಸ್ಟ್ ಇಂಡಿಯನ್ ಮಕ್ಕಳ ಬುದ್ಧಿಮಟ್ಟವು ಇಂಗ್ಲಿಷ್ ಮಕ್ಕಳದಕ್ಕಿಂತ ಕೆಳಗಿರುವುದು ಎಲ್ಲರೂ ಒಪ್ಪಿದ ಮಾತು ಎಂಬರ್ಥದ ವಾಕ್ಯ ಅದರಲ್ಲಿ ಕಂಡಿತು. ತಾಯಿತಂದೆಗಳು ಕೆರಳಿದರು. ಉತ್ತರ ಲಂಡನ್ನಿನ ವೆಸ್ಟ್ ಇಂಡಿಯನ್ ಸಂಘ ಪ್ರತಿಭಟನೆಯನ್ನು ಸಂಘಟಿಸಿತು. ಸಭೆಗಳು ನಡೆದವು, ಕರಪತ್ರಗಳು ಹೊರಬಂದವು. ಕೊನೆಗೆ ಆ ಯೋಜನೆಯನ್ನು ಕೈಬಿಡಬೇಕಾಯಿತು.

ಈ ಹೋರಾಟದಲ್ಲಿ ಮುಂದೆ ನಿಂತವರಲ್ಲಿ ಜಾನ್ ಲಾ ರೋಸ್ ಒಬ್ಬರು. 1927ರಲ್ಲಿ ಟ್ರಿನಿಡಾಡಿನ ಅರೀಮದಲ್ಲಿ ಹುಟ್ಟಿದ ಇವರು ಕಾರ್ಮಿಕ ಸಂಘಟನೆಯಲ್ಲಿ ಪಳಗಿದವರು, ಕವಿಗಳು. 1961ರಲ್ಲಿ ಬ್ರಿಟನ್ನಿಗೆ ಬಂದು, 1966ರಲ್ಲಿ ಸಾರಾ ವೈಟ್ ಅವರೊಡನೆ ‘ನ್ಯೂ ಬೀಕನ್ ಬುಕ್ಸ್’ ಎಂಬ ಪ್ರಕಾಶನವನ್ನು ಆರಂಭಿಸಿದ್ದರು. ಯೋಜನೆಯನ್ನು ವಿರೋಧಿಸಿದರಷ್ಟೇ ಸಾಲದು, ಮಕ್ಕಳು ನಿತ್ಯ ಕಳೆದುಕೊಳ್ಳುತ್ತಿರುವುದನ್ನು ತುಂಬಿಕೊಡಬೇಕು ಎಂದು ಅವರಿಗೆ ತೋರಿತು. 1969ರಲ್ಲಿಯೇ ತಮ್ಮ ಮನೆಯಲ್ಲಿ ಬೆರಳೆಣಿಕೆಯ ಮಕ್ಕಳನ್ನು ಕೂಡಿಸಿಕೊಂಡು ಪೂರಕ ಶಾಲೆಯೊಂದನ್ನು ತೆರೆದರು. ಆಫ್ರಿಕದ ದೇಶಗಳ ಸ್ವಾತಂತ್ರ್ಯಕ್ಕಾಗಿ ದುಡಿದು 1959ರಲ್ಲಿ ತೀರಿಕೊಂಡ ಟ್ರಿನಿಡಾಡಿನ ಧೀಮಂತ ಜಾರ್ಜ್ ಪ್ಯಾಡ್ಮೋರ್ ಅವರ ಹೆಸರನ್ನು ಅದಕ್ಕಿಟ್ಟರು. ಇದಕ್ಕೆ ಒಂದು ವರ್ಷ ಮೊದಲು, 1968ರಲ್ಲಿ, ಗ್ರೆನಾಡದಿಂದ ಬಂದ ಗಸ್ ಜಾನ್ ಎಂಬ ತರುಣ ಬರ್ಮಿಂಗ್‌ಹ್ಯಾಮಿನ ಹ್ಯಾಂಡ್ಸ್‌ವರ್ತ್‌ನಲ್ಲಿ ಇಂಥದೇ ಶಾಲೆಯನ್ನು ಆರಂಭಿಸಿದ್ದರು. ಒಂದು ದೀಪದಿಂದ ಇನ್ನೊಂದು ಹತ್ತಿಕೊಂಡಂತೆ ಊರೂರಿನಲ್ಲಿ ಶನಿವಾರದ ಶಾಲೆಗಳು ತೆರೆದುಕೊಂಡವು.

ಈ ಚಳವಳಿಗೆ ಕಾವು ಕೊಟ್ಟ ಪುಸ್ತಿಕೆಯನ್ನು ಇಲ್ಲಿ ಹೆಸರಿಸಲೇಬೇಕು. ಗ್ರೆನಾಡದ ಬರ್ನಾರ್ಡ್ ಕೋರ್ಡ್ ಲಂಡನ್ನಿನ ವಿಶೇಷ ಶಾಲೆಗಳಲ್ಲಿ ಸ್ವತಃ ಪಾಠ ಹೇಳಿದವರು. ಅಲ್ಲಿ ಕಂಡದ್ದನ್ನೂ ಕಡತಗಳಲ್ಲಿದ್ದ ಅಂಕಿಗಳನ್ನೂ ಸೇರಿಸಿ ಅವರು ಬರೆದ ಪುಸ್ತಿಕೆಯನ್ನು 1971ರಲ್ಲಿ ನ್ಯೂ ಬೀಕನ್ ಪ್ರಕಟಿಸಿತು. ‘ಬ್ರಿಟಿಷ್ ಶಾಲಾ ವ್ಯವಸ್ಥೆಯಲ್ಲಿ ವೆಸ್ಟ್ ಇಂಡಿಯನ್ ಮಗುವನ್ನು ಶಿಕ್ಷಣದಲ್ಲಿ ಕೆಳಮಟ್ಟದ್ದಾಗಿ ಮಾಡುವ ಬಗೆ’ ಎಂದು ಅದರ ಹೆಸರನ್ನು ಕನ್ನಡಿಸಬಹುದು. ಆ ಹೆಸರಿನಲ್ಲಿ ‘ಮಾಡುವ’ ಎಂಬ ಕ್ರಿಯಾಪದವೇ ಮುಖ್ಯ. ಮಗು ಕೆಳಮಟ್ಟದ್ದಾಗಿ ಹುಟ್ಟುವುದಿಲ್ಲ, ಅದನ್ನು ಹಾಗೆ ಮಾಡುತ್ತಾರೆ ಎಂಬುದು ಕೋರ್ಡರ ವಾದ. ಅಧ್ಯಾಪಕರು ಮಗುವಿನಿಂದ ಕಡಿಮೆಯದನ್ನೇ ನಿರೀಕ್ಷಿಸುತ್ತಾರೆ. ಮಗುವೂ ತನ್ನಿಂದ ಅಷ್ಟೇ ಸಾಧ್ಯವೆಂದು ನಂಬುತ್ತದೆ. ನಂಬಿದ ಮೇಲೆ ಪ್ರಯತ್ನವನ್ನೇ ಬಿಡುತ್ತದೆ. ಬಿಟ್ಟದ್ದನ್ನು ಕಂಡು ಅಧ್ಯಾಪಕರು ತಮ್ಮ ಊಹೆಯೇ ನಿಜವಾಯಿತೆಂದುಕೊಳ್ಳುತ್ತಾರೆ. ಈ ಸುಳಿಯಿಂದ ಮಕ್ಕಳನ್ನು ಎಳೆದು ತೆಗೆಯಲು ತಾಯಿತಂದೆಗಳೇ ಪೂರಕ ಶಾಲೆಗಳನ್ನು ತೆರೆಯಬೇಕೆಂದು ಅವರು ಕರೆಕೊಟ್ಟರು. ಮುಂದೆ ಕೋರ್ಡ್ ತಮ್ಮ ದ್ವೀಪಕ್ಕೆ ಮರಳಿ ರಾಜಕೀಯಕ್ಕಿಳಿದರು. 1983ರಲ್ಲಿ ಅಲ್ಲಿ ನಡೆದ ರಕ್ತಪಾತದ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿ 2009ರವರೆಗೆ ಸೆರೆಯಲ್ಲಿದ್ದರು. ಅದು ಬೇರೆಯೇ ಒಂದು ದುರಂತ ಕಥೆ. ಆದರೆ ಆ ಕಾರಣಕ್ಕೆ ಪುಸ್ತಿಕೆಯ ಸತ್ಯ ಮಾಸುವುದಿಲ್ಲ.

ಶನಿವಾರದ ಶಾಲೆಯೊಳಗೆ ನಡೆಯುತ್ತಿದ್ದುದಾದರೂ ಏನು? ಕೇಳಿದರೆ ತೀರ ಸಾಧಾರಣವೆನಿಸೀತು. ಓದು, ಬರಹ, ಲೆಕ್ಕ. ಎರಡು ಮೂರು ಗಂಟೆಗಳ ಕಾಲ, ಕೆಲವೇ ಮಕ್ಕಳ ಗುಂಪುಗಳಲ್ಲಿ. ಕಲಿಸುವವರು ಸ್ವಯಂಸೇವಕರು: ಉಪಾಧ್ಯಾಯಿನಿಯರು, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ವಾರವಿಡೀ ದುಡಿದು ದಣಿದ ತಾಯಿತಂದೆಗಳು. ಇದರೊಡನೆ ಆಫ್ರಿಕ ಮತ್ತು ಕೆರಿಬಿಯನ್ ದ್ವೀಪಗಳ ಚರಿತ್ರೆಯ ಪಾಠ. ವಾರದ ಶಾಲೆಯ ಪುಸ್ತಕಗಳಲ್ಲಿ ತನ್ನವರು ಗುಲಾಮರಾಗಿ ಮಾತ್ರ ಕಾಣಿಸಿಕೊಳ್ಳುವುದನ್ನು ಕಂಡ ಮಗು, ಇಲ್ಲಿ ತನ್ನವರಲ್ಲಿಯೂ ಬರೆದವರು, ಆಳಿದವರು, ಎದುರಿಸಿ ನಿಂತವರು ಇದ್ದರೆಂಬುದನ್ನು ಅರಿಯಿತು.

ಎಲ್ಲಕ್ಕಿಂತ ಮಿಗಿಲಾದುದು ಕಲಿಸುವವರ ನಂಬಿಕೆ. ಓದಲು ಬಾರದ ಹನ್ನೊಂದು ವರ್ಷದ ಹುಡುಗನನ್ನು ಅವರು ‘ದಡ್ಡ’ ಎಂದು ನೋಡಲಿಲ್ಲ. ‘ಇವನಿಗೆ ಇನ್ನೂ ಯಾರೂ ಕಲಿಸಿಲ್ಲ’ ಎಂದು ನೋಡಿದರು. ಈ ಎರಡು ನೋಟಗಳ ನಡುವಣ ಅಂತರ ಬಹಳ ದೊಡ್ಡದು. ಮೊದಲನೆಯದರಲ್ಲಿ ಅಧ್ಯಾಪಕರಿಗೆ ಮಾಡಲು ಏನೂ ಉಳಿಯುವುದಿಲ್ಲ. ಎರಡನೆಯದರಲ್ಲಿ ಮಾಡಬೇಕಾದ ಕೆಲಸವೆಲ್ಲ ಕಣ್ಣಮುಂದೆ ಬಂದು ನಿಲ್ಲುತ್ತದೆ.

ಗುಂಪಿನಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳಿರುತ್ತಿದ್ದುದರಿಂದ ಹಿರಿಯ ಮಕ್ಕಳು ಕಿರಿಯರಿಗೆ ಹೇಳಿಕೊಡುವುದೂ ಸಹಜವಾಗಿಯೇ ನಡೆಯಿತು. ಇಲ್ಲಿ ಒಂದು ಹಳೆಯ ಸಂಗತಿ ನೆನಪಿಗೆ ಬರುತ್ತದೆ. ಮಕ್ಕಳಿಂದ ಮಕ್ಕಳಿಗೆ ಪಾಠ ಹೇಳಿಸುವ ಪದ್ಧತಿ ಇಂಗ್ಲೆಂಡಿನ ಶಾಲೆಗಳಲ್ಲಿ ‘ಮದರಾಸು ಪದ್ಧತಿ’ ಎಂಬ ಹೆಸರಿನಿಂದಲೇ ಪ್ರಸಿದ್ಧವಾಗಿತ್ತು. ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಅಲ್ಲಿ ನಡೆಸಿದ ಪ್ರಯೋಗವನ್ನು ಕುರಿತು 1797ರಲ್ಲಿ ಪುಸ್ತಕ ಪ್ರಕಟಿಸಿದ್ದ. ನಮ್ಮ ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ತನ್ನ ಜಿಲ್ಲೆಯ 533 ಊರಶಾಲೆಗಳ ಬಗೆಗೆ ವರದಿ ಬರೆದಾಗ, ಮುಂದುವರಿದ ವಿದ್ಯಾರ್ಥಿಗಳು ಹಿಂದಿನವರಿಗೆ ಕಲಿಸುವ ಇಲ್ಲಿಯ ಕ್ರಮವನ್ನು ಮೆಚ್ಚಿ, ಇಂಗ್ಲೆಂಡು ಇದನ್ನು ಅನುಸರಿಸಿದುದು ತಕ್ಕದ್ದೇ ಎಂದು ಹೇಳಿದ್ದಾನೆ. ಆದರೆ ಇಂಗ್ಲೆಂಡಿನಲ್ಲಿ ಆ ಕ್ರಮವು ಒಬ್ಬ ಅಧ್ಯಾಪಕನಿಂದ ನೂರಾರು ಮಕ್ಕಳನ್ನು ಅಗ್ಗವಾಗಿ ನಿಭಾಯಿಸುವ ಯಂತ್ರವಾಗಿಬಿಟ್ಟಿತು. ಒಂದೂವರೆ ಶತಮಾನದ ಮೇಲೆ ಈ ಪುಟ್ಟ ಕೋಣೆಗಳಲ್ಲಿ ಅದೇ ಕ್ರಮ ತನ್ನ ಮೊದಲಿನ ಆತ್ಮೀಯತೆಯಿಂದ ತಾನಾಗಿ ಮತ್ತೆ ಹುಟ್ಟಿಕೊಂಡಿತೆಂದು ನಾನು ತಿಳಿಯುತ್ತೇನೆ.

ಇವುಗಳಿಂದ ಎಷ್ಟು ಪ್ರಯೋಜನವಾಯಿತು? ಇತಿಹಾಸಕಾರನು ಇಲ್ಲಿ ಉತ್ಸಾಹವನ್ನು ಹಿಡಿತದಲ್ಲಿಟ್ಟುಕೊಳ್ಳಬೇಕು. ವೆಸ್ಟ್ ಇಂಡಿಯನ್ ಮಕ್ಕಳ ಶಿಕ್ಷಣವನ್ನು ಕುರಿತ ರ‍್ಯಾಂಪ್ಟನ್ ಸಮಿತಿಯ ವರದಿ 1981ರಲ್ಲಿ ಪ್ರಕಟವಾಯಿತು. ಸಮೀಕ್ಷೆಗೊಳಗಾದ ಆರು ಶಿಕ್ಷಣ ಪ್ರಾಧಿಕಾರಗಳಲ್ಲಿ 1978-79ರಲ್ಲಿ ಶಾಲೆ ಬಿಟ್ಟ ವೆಸ್ಟ್ ಇಂಡಿಯನ್ ಮಕ್ಕಳ ಪೈಕಿ ಐದು ಅಥವಾ ಹೆಚ್ಚು ವಿಷಯಗಳಲ್ಲಿ ಉನ್ನತ ದರ್ಜೆ ಪಡೆದವರು ನೂರಕ್ಕೆ 3 ಮಾತ್ರ. ಏಷ್ಯನ್ನರಲ್ಲದ ಉಳಿದ ಮಕ್ಕಳಲ್ಲಿ ಅದು ನೂರಕ್ಕೆ 16. ಅದರ ಮುಂದುವರಿಕೆಯಾದ 1985ರ ಸ್ವಾನ್ ವರದಿಯ ವೇಳೆಗೆ ಈ ಅಂಕಿಗಳು 6 ಮತ್ತು 19 ಆಗಿದ್ದವು. ಏರಿಕೆಯುಂಟು, ಆದರೆ ಕಂದರ ಮುಚ್ಚಿರಲಿಲ್ಲ. ಆ ಏರಿಕೆಯನ್ನು ಶನಿವಾರದ ಶಾಲೆಗಳ ಲೆಕ್ಕಕ್ಕೆ ಬರೆಯುವುದು ಸರಿಯಾಗದು. ಅವು ಮುಟ್ಟಿದುದು ಕೆಲವು ಮಕ್ಕಳನ್ನು ಮಾತ್ರ. ವಾರದ ಇಪ್ಪತ್ತೈದು ಗಂಟೆಗಳು ಒಂದು ದಿಕ್ಕಿಗೆ ಎಳೆಯುತ್ತಿರುವಾಗ ಶನಿವಾರದ ಮೂರು ಗಂಟೆಗಳು ಇನ್ನೊಂದು ದಿಕ್ಕಿಗೆ ಎಳೆದರೆ ಎಷ್ಟೆಂದು ಎಳೆದಾವು?

ಇಲ್ಲಿಯೇ ಒಂದು ಗಂಭೀರವಾದ ಆಕ್ಷೇಪ ಏಳುತ್ತದೆ. ತಾಯಿತಂದೆಗಳು ತಮ್ಮ ಬಿಡುವನ್ನೂ ಬೆವರನ್ನೂ ಸುರಿದು ಶಾಲೆಯ ಕೊರತೆಯನ್ನು ತುಂಬಿಕೊಟ್ಟರೆ, ಆ ಶಾಲೆ ತನ್ನ ಹೊಣೆಯಿಂದ ಪಾರಾದಂತಾಗುವುದಿಲ್ಲವೆ? ತೆರಿಗೆ ಕಟ್ಟುವವರು ಇವರು. ಆ ತೆರಿಗೆಯಿಂದ ನಡೆಯುವ ಶಾಲೆ ಮಾಡದ ಕೆಲಸವನ್ನು ಮಾಡುವವರೂ ಇವರೇ ಆಗಬೇಕೆ? ಈ ಮಾತಿನಲ್ಲಿ ನ್ಯಾಯವಿದೆ. ಚಳವಳಿಯವರಿಗೂ ಇದು ತಿಳಿಯದ ವಿಷಯವಾಗಿರಲಿಲ್ಲ. ಅವರು ಎರಡು ಕೈಗಳಿಂದಲೂ ಕೆಲಸ ಮಾಡಿದರು. ಒಂದು ಕೈಯಲ್ಲಿ ಮಗುವಿಗೆ ಪಾಠ; ಇನ್ನೊಂದು ಕೈಯಲ್ಲಿ ಶಾಲೆಗೆ ಪತ್ರ. ಕಪ್ಪು ಜನಾಂಗದ ಶಾಲಾಬಾಲಕನೊಬ್ಬನ ಮೇಲೆ ಪೊಲೀಸರು ಕೈಮಾಡಿದ ಪ್ರಕರಣದ ಹಿನ್ನೆಲೆಯಲ್ಲಿ 1975ರಲ್ಲಿ ‘ಬ್ಲ್ಯಾಕ್ ಪೇರೆಂಟ್ಸ್ ಮೂವ್‌ಮೆಂಟ್’ ಎಂಬ ಪೋಷಕರ ಸಂಘಟನೆ ಹುಟ್ಟಿತು. ಅದನ್ನು ಕಟ್ಟಿದವರಲ್ಲಿಯೂ ಲಾ ರೋಸ್ ಇದ್ದರು. ಶನಿವಾರದ ಶಾಲೆ ಅವರಿಗೆ ವಾರದ ಶಾಲೆಯ ಬದಲಿಯಲ್ಲ. ವಾರದ ಶಾಲೆಯ ಮೇಲೆ ಹೂಡಿದ ಮೊಕದ್ದಮೆಗೆ ಸಾಕ್ಷಿ. ‘ಕಲಿಯಲಾರ’ ಎಂದು ನೀವು ಬರೆದುಕೊಟ್ಟ ಹುಡುಗ ಇಗೋ ನಮ್ಮಲ್ಲಿ ಕಲಿತಿದ್ದಾನೆ, ಈಗ ಏನು ಹೇಳುವಿರಿ ಎಂದು ಕೇಳಲು ಅವರಿಗೆ ಬಾಯಿ ಬಂದುದು ಈ ಪುಟ್ಟ ಶಾಲೆಗಳಿಂದಲೇ.

ಆ ಪ್ರಶ್ನೆಯನ್ನು ಬಹುಕಾಲ ಕಡೆಗಣಿಸುವಂತಿರಲಿಲ್ಲ. 1978ರ ವಾರ್ನಾಕ್ ಸಮಿತಿಯ ವರದಿಯು ಮಕ್ಕಳನ್ನು ಇಂಥ ವರ್ಗಗಳಾಗಿ ಒಡೆಯುವ ಕ್ರಮವನ್ನೇ ಬಿಡಬೇಕೆಂದು ಹೇಳಿತು. ಅದನ್ನನುಸರಿಸಿ ಬಂದ 1981ರ ಶಿಕ್ಷಣ ಶಾಸನವು 1983ರಲ್ಲಿ ಜಾರಿಗೆ ಬಂದಾಗ ‘ಎಜುಕೇಷನಲಿ ಸಬ್‌ನಾರ್ಮಲ್’ ಎಂಬ ಹಣೆಪಟ್ಟಿ ಕಾನೂನಿನಿಂದ ಅಳಿಸಿಹೋಯಿತು. ಅದನ್ನು ಹೊತ್ತವರ ಮನಸ್ಸಿನಿಂದ ಅಳಿಸಿತೆಂದು ಹೇಳುವಂತಿಲ್ಲ. ಸ್ಟೀವ್ ಮೆಕ್ವೀನ್ 2020ರಲ್ಲಿ ‘ಎಜುಕೇಷನ್’ ಎಂಬ ಚಿತ್ರದಲ್ಲಿ ವಿಶೇಷ ಶಾಲೆಗೆ ತಳ್ಳಲ್ಪಟ್ಟು ಶನಿವಾರದ ಶಾಲೆಯಲ್ಲಿ ಚೇತರಿಸಿಕೊಂಡ ಹುಡುಗನ ಕಥೆಯನ್ನು ತೆರೆಗೆ ತಂದರು. 2021ರಲ್ಲಿ ಬಿಬಿಸಿ ಪ್ರಸಾರ ಮಾಡಿದ ಸಾಕ್ಷ್ಯಚಿತ್ರದಲ್ಲಿ ಅಂಥ ಶಾಲೆಗಳಲ್ಲಿ ಬಾಲ್ಯ ಕಳೆದವರು ಮಾತನಾಡಿದರು. ಅರ್ಧ ಶತಮಾನ ಕಳೆದ ಮೇಲೂ ಆ ನೋವು ಹಸಿಯಾಗಿಯೇ ಇತ್ತು.

ಬ್ರಿಟನ್ನಿನಲ್ಲಿ ವಾರಾಂತ್ಯದ ಶಾಲೆಗಳು ಇಂದಿಗೂ ಇವೆ, ನಾನಾ ದೇಶಗಳಿಂದ ಬಂದ ಜನರ ನಡುವೆ. ಅಲ್ಲಿ ನೆಲಸಿರುವ ಕನ್ನಡಿಗರೂ ತಮ್ಮ ಮಕ್ಕಳಿಗೆ ಬಿಡುವಿನ ದಿನಗಳಲ್ಲಿ ಕನ್ನಡ ಹೇಳಿಕೊಡುತ್ತಾರೆ. ಅದು ತಾಯ್ನುಡಿಯನ್ನು ಉಳಿಸಿಕೊಳ್ಳುವ ಶಾಲೆ. ಲಾ ರೋಸ್ ತೆರೆದುದು ಮಗುವನ್ನೇ ಉಳಿಸಿಕೊಳ್ಳುವ ಶಾಲೆ. ಎರಡರ ಅಗತ್ಯವೂ ಬೇರೆ, ಸಂಕಟವೂ ಬೇರೆ. ಆದರೂ ಮಕ್ಕಳಿಗೆ ಸಲ್ಲಬೇಕಾದುದು ಸಲ್ಲದಿದ್ದರೆ ದೊಡ್ಡವರು ತಮ್ಮ ಬಿಡುವಿನ ಹೊತ್ತನ್ನು ತೆತ್ತು ಅದನ್ನು ತಂದುಕೊಡುವುದು ಎರಡರಲ್ಲಿಯೂ ಒಂದೇ.

ನಾವು ಕನ್ನಡದಲ್ಲಿ ‘ಹಿಂದುಳಿದ ಮಗು’ ಎನ್ನುತ್ತೇವೆ. ತಾನಾಗಿ ಉಳಿಯಿತೊ, ಮುಂದೆ ನಡೆದವರು ಬಿಟ್ಟುಹೋದರೊ ಎಂಬುದನ್ನು ಆ ಮಾತು ಹೇಳುವುದಿಲ್ಲ. ಹಿಂದುಳಿದ ಮಕ್ಕಳಿಗೆಂದು ನಡೆಸುವ ಯಾವ ತರಗತಿಯನ್ನೇ ಆಗಲಿ ನೋಡುವಾಗ ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳ್ಳೆಯದು. ಅಲ್ಲಿ ಮಗು ಚೇತರಿಸಿಕೊಂಡರೆ ನಾವು ಕಲಿಸಿದವರನ್ನು ಕೊಂಡಾಡುತ್ತೇವೆ. ಅದು ಯೋಗ್ಯವೇ. ಆದರೆ ಶನಿವಾರ ಕಲಿಯಬಲ್ಲ ಮಗು ಸೋಮವಾರ ಏಕೆ ಕಲಿಯಲಿಲ್ಲ ಎಂದು ಸೋಮವಾರದ ಶಾಲೆಯನ್ನೂ ಕೇಳಬೇಕು. ಉತ್ತರ ಲಂಡನ್ನಿನ ಆ ತಾಯಿತಂದೆಗಳು ಅದನ್ನು ಕೇಳಿದರು. ಉತ್ತರ ಬರುವವರೆಗೆ ತಮ್ಮ ಮನೆಯ ಬಾಗಿಲನ್ನು ತೆರೆದಿಟ್ಟು ಮಕ್ಕಳಿಗೆ ಓದು ಹೇಳಿಕೊಟ್ಟರು.